ಹತ್ತು ನಿಮಿಷದ ಮೂರು ತುಂಡುಗಳು

ಅಲ್ವಾರಾದೊ
ಜನವರಿ ೩, ೨೦೧೬

ಅಪ್ಪಾ,

ನೀನು ಚೀಟಿಯಲ್ಲಿ ಹೇಳಿದ ಕೋಟು ಈಗ ಇಲ್ಲ. ಅಮ್ಮ ಅದನ್ನು ಸುಟ್ಟುಹಾಕಿದಳು. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ.

ಈ ಸಲ ವರ್ಷದ ಕೊನೇ ರಾತ್ರಿ ಸುಡುವ ಹಳೇ ವರ್ಷದ ಮುದುಕನ ಬೊಂಬೆ ಮಾಡುವುದು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಅಮ್ಮನ ತಮ್ಮ ಎವಾರಿಸ್ತೊ ಮಾವ ಸತ್ತು ಮೂರು ತಿಂಗಳಾಗಿಲ್ಲ, ಅವನನ್ನು ಕೊಂದ ಅಂತ ನಿನ್ನನ್ನು ಜೈಲಿಗೆ ಹಾಕಿದ್ದಾರೆ, ಈ ಮನೆಗೆ ಯಾವ ಸಂಭ್ರಮ? ಅಮ್ಮ ಕೇಳಲಿಲ್ಲ. ಕ್ರಿಸ್‌ಮಸ್ ಮುಗಿದ ಮಾರನೇ ದಿನ ಎದ್ದು ನೋಡಿದರೆ ಬಾಗಿಲ ಮುಂದೆ ಕುರ್ಚಿಯ ಮೇಲೆ ಮುದುಕ ಕೂತಿದ್ದ. ಒಳಗೆ ತೆಂಗಿನ ಸಿಪ್ಪೆ, ಹಳೇ ಪೇಪರು, ಎರಡು ಸರ ಪಟಾಕಿ. ಮೇಲೆ ನಿನ್ನ ನೀಲಿ ಪ್ಯಾಂಟು, ನಿನ್ನ ಬೂಟು, ಉತ್ತರದ ಗಾಳಿ ಬೀಸುವಾಗ ಮಾತ್ರ ನೀನು ಹಾಕುತ್ತಿದ್ದ ಕಂದು ಕೋಟು. ತಲೆಗೆ ಹಿಟ್ಟಿನ ಚೀಲ, ಅದರ ಮೇಲೆ ಇದ್ದಿಲಿನಿಂದ ಬರೆದ ನಿನ್ನ ಮೀಸೆ. ಎದುರುಮನೆ ಎರ್ಮಿಲಾ ನೋಡಿ, "ಅಯ್ಯೋ, ಲಿಬ್ರಾದೊನೇ ಜೈಲಿಂದ ಓಡಿಬಂದು ಕೂತಂಗಿದೆ ಕಣೇ! ಬೀರ್ ಬೇಕೇನೋ ಕೇಳು!" ಎಂದು ನಕ್ಕಳು. ನಾನೂ ನಕ್ಕೆ.

ಮೂವತ್ತೊಂದನೇ ತಾರೀಖು ದೋಣಿಗಟ್ಟೆಯಲ್ಲಿ ನಿನ್ನ ಚೀಟಿ ಸಿಕ್ಕಿತು. ಗಂಡನನ್ನು ನೋಡಲು ಜೈಲಿಗೆ ಬಂದಿದ್ದ ಹೆಂಗಸು ತಂದುಕೊಟ್ಟಳು. ಮಾವ ಸತ್ತ ದಿನ ಗೇಟಿನ ಕ್ಯಾಮೆರಾ ತೆಗೆದ ವಿಡಿಯೋ ಚಿತ್ರದ ಒಂದು ಪ್ರತಿ ಪೆನ್ ಡ್ರೈವಿನಲ್ಲಿದೆ, ಅದು ಕಂದು ಕೋಟಿನ ಒಳಪದರದಲ್ಲಿದೆ ಎಂದು ಓದಿದಾಗ ಕುಣಿಯುವಷ್ಟು ಖುಷಿಯಾಯಿತು. ಊರೆಲ್ಲ ಮುದುಕನನ್ನು ಸುಡುವುದು ಮಧ್ಯರಾತ್ರಿ ತಾನೆ, ಇನ್ನೂ ಹತ್ತು ಗಂಟೆ ಸಮಯವಿದೆ ಎಂದುಕೊಂಡು ಅಲ್ಲೇ ಕೂತು ಒಂದು ಬಟ್ಟಲು ಸಿಗಡಿ ಸಾರು ಕುಡಿದೆ. ಅದು ನನ್ನ ತಪ್ಪು. ಬೀದಿ ತಿರುಗುವಾಗಲೇ ಪಟಾಕಿ ಸದ್ದು ಕೇಳಿತು. ಅಮ್ಮ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ್ದಳು. ನಾನು ಕೈ ಹಾಕಲು ಹೋದರೆ ಒಲೆಯ ಕೋಲಿನಿಂದ ನನ್ನ ತೋಳಿಗೆ ಹೊಡೆದಳು. ಆಮೇಲೆ ಅದೇ ಕೋಲಿನಿಂದ ಮುದುಕನ ತಲೆಗೆ ಹೊಡೆದಳು, ಚೀಲ ಹರಿದು ಸಿಪ್ಪೆ ಹೊರಬರುವವರೆಗೂ. ಅವಳಿಗೆ ಪೆನ್ ಡ್ರೈವಿನ ವಿಷಯ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವಳು ಸುಟ್ಟಿದ್ದು ನಿನ್ನನ್ನು.

ವಕೀಲ ಸೆರಾಫಿನ್ ಹತ್ತಿರ ಮಾತಾಡಿದೆ. "ಮಾವ ಮಚ್ಚು ಬೀಸಿದ, ನಿಮ್ಮಪ್ಪ ತಪ್ಪಿಸ್ಕೊಳಕ್ಕೆ ತಳ್ಳಿದ, ಅವನು ಗೇಟಿನ ಕಬ್ಬಿಣದ ಮೇಲೆ ಬಿದ್ದ. ಇದನ್ನ ತೋರ್ಸೋ ಚಿತ್ರ ಇದ್ರೆ ನಿಮ್ಮಪ್ಪ ಮನೆಗೆ ಬರ್ತಾನೆ. ಇಲ್ದಿದ್ರೆ ಮೂವತ್ತು ವರ್ಷ" ಅಂದ. ವಿಚಾರಣೆ ಏಪ್ರಿಲ್ ಇಪ್ಪತ್ತೈದಕ್ಕೆ.

ಮಾವನ ಗಂಡುಮಕ್ಕಳು ಮನೆಗೆ ನುಗ್ಗಿ, ಮುಂದಿನ ಕೋಣೆಯಿಂದ ಮಹಡಿಗೆ ಹೊತ್ತು ಅಲ್ಲಿಂದ ಎಸೆದ ನಮ್ಮ ಕಂಪ್ಯೂಟರು ಇನ್ನೂ ಹಿತ್ತಿಲಲ್ಲೇ ಬಿದ್ದಿದೆ. ಅದರ ಹೊಟ್ಟೆಯಲ್ಲಿ ಮೂಲ ಚಿತ್ರ ಇರಲೇಬೇಕಲ್ಲ? ಹೇಗೆ ತೆಗೆಯಬೇಕು, ಹೇಳಿಕೊಡು. ಇಪ್ಪತ್ತು ವರ್ಷ ಊರವರ ಕಂಪ್ಯೂಟರು ರಿಪೇರಿ ಮಾಡಿದವನ ಮಗಳು ನಾನು.

ನಿನ್ನ
ಫಿನಾ

---

ಜೈಲು
ಜನವರಿ ೧೪

ಮಗಳೇ ಫಿನಾ,

ನಿನ್ನ ಕಾಗದ ಓದಿ ಗೋಡೆಗೆ ಗುದ್ದಿದೆ. ಎರಡು ಬೆರಳು ಊದಿವೆ, ಅದಕ್ಕೇ ಅಕ್ಷರ ಹೀಗಿದೆ. ಸಿಗಡಿ ಸಾರು ಚೆನ್ನಾಗಿತ್ತಾ? ನಿಂಬೆ ಹಿಂಡಿಕೊಂಡೆಯಾ? ಇಲ್ಲ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ತಡಮಾಡಿದ್ದು ನಾನು, ನಂಬಿ ಚೀಟಿ ಕೊಡುವಂಥವರು ಡಿಸೆಂಬರಿನವರೆಗೆ ಸಿಗಲಿಲ್ಲ. ಮೂವತ್ತೊಂದನೇ ತಾರೀಖು ಮಧ್ಯಾಹ್ನ ಮುದುಕನನ್ನು ಸುಡುವ ಹೆಂಗಸು ಈ ಕರಾವಳಿಯಲ್ಲೇ ಒಬ್ಬಳು, ಅವಳನ್ನು ನಾನು ಕಟ್ಟಿಕೊಂಡೆ.

ಬೂದಿ ಕೆದಕು. ಪೆನ್ ಡ್ರೈವಿಗೆ ಲೋಹದ ಕವಚವಿತ್ತು. ಕೋಟಿನ ಎಡಗಡೆ ಒಳಪದರ ಹರಿದಿತ್ತು, ಅಲ್ಲಿಂದ ತೂರಿಸಿದ್ದೆ. ಸಿಕ್ಕರೆ ತೊಳೆಯಬೇಡ, ಒರೆಸಬೇಡ, ಹಾಗೇ ಸೆರಾಫಿನ್ ಕೈಗೆ ಕೊಡು.

ಕಂಪ್ಯೂಟರಿನ ಆಸೆ ಬಿಡು. ಮಹಡಿಯಿಂದ ಬಿದ್ದಿದೆ, ಮೂರು ತಿಂಗಳು ಮಳೆಯಲ್ಲಿ ನೆಂದಿದೆ. ಅದರ ಡಿಸ್ಕು ಸತ್ತಿರುತ್ತದೆ. ನೀನು ಕೈ ಹಾಕಿ ಕೈ ಕುಯ್ದುಕೊಳ್ಳುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೆ, ಎರಡು ಪ್ರತಿ ಇಟ್ಟುಕೊಳ್ಳಿ, ಒಂದು ಮನೆಯ ಹೊರಗಿರಲಿ ಅಂತ. ನನ್ನ ವಿಷಯದಲ್ಲಿ ನಾನೇ ಕೇಳಲಿಲ್ಲ.

ಇಲ್ಲಿ ಸುದ್ದಿ ಏನೂ ಇಲ್ಲ. ಮೊನ್ನೆ ಬಟ್ಟೆ ಒಗೆಯುವ ಕಟ್ಟೆಯಲ್ಲಿ ಬಕೆಟ್ಟಿನ ಸರದಿಗಾಗಿ ಜಗಳವಾಗಿ ಒಬ್ಬ ಇನ್ನೊಬ್ಬನ ಕುತ್ತಿಗೆಗೆ ಮಸೆದ ಚಮಚ ಚುಚ್ಚಿದ. ಚುಚ್ಚಿಸಿಕೊಂಡವನು ನನ್ನ ಪಕ್ಕದಲ್ಲೇ ಬಿದ್ದು ಒದ್ದಾಡಿದ. ನೀರೆಲ್ಲ ಕೆಂಪಾಯಿತು. ನಾನು ಅಂಗಿ ಹಿಂಡಿ ಮುಗಿಸಿ ಒಣಗಿಸಲು ಹೋದೆ. ಇಲ್ಲಿ ಏನನ್ನೂ ನೋಡಬಾರದು, ಅದನ್ನು ಮೊದಲ ವಾರದಲ್ಲೇ ಕಲಿತೆ.

ಅಮ್ಮನ ಜೊತೆ ಹುಷಾರಾಗಿರು. ಅವಳ ತಲೆ ಸರಿಯಿಲ್ಲ ಈಗ.

ಮುತ್ತುಗಳೊಂದಿಗೆ
ಅಪ್ಪ

---

ಅಲ್ವಾರಾದೊ
ಜನವರಿ ೨೮

ಅಪ್ಪಾ,

ಬೂದಿಯಲ್ಲಿ ಪೆನ್ ಡ್ರೈವು ಸಿಕ್ಕಿತು. ಒಳಗಿನದೆಲ್ಲ ಕರಗಿ ಕರೀ ಗಂಟಾಗಿದೆ. ಸೆರಾಫಿನ್ ಅದನ್ನು ಪೆನ್ಸಿಲಿನಿಂದ ಮುಟ್ಟಿ, "ಇದನ್ನ ನ್ಯಾಯಾಧೀಶರ ಮುಂದೆ ಇಟ್ರೆ ನನ್ನೂ ಒಳಗೆ ಹಾಕ್ತಾರೆ" ಅಂದ. ಆ ಬಾಗಿಲು ಮುಚ್ಚಿತು.

ಹಾಗಾಗಿ ನಿನ್ನ ಮಾತು ಮೀರಿ ಕಂಪ್ಯೂಟರನ್ನು ಹಿತ್ತಿಲಿನಿಂದ ಎತ್ತಿ ತಂದೆ. ಡಬ್ಬದೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು, ಮೂರು. ನೀನಾಗಿದ್ದರೆ ಅದನ್ನೂ ಗಿರಾಕಿಯ ಬಿಲ್ಲಿಗೆ ಸೇರಿಸುತ್ತಿದ್ದೆ. ಡಬ್ಬ ಬಗ್ಗಿ ಹೋಗಿದೆ, ಒಳಗಿನ ಹಲಗೆ ಎರಡು ತುಂಡಾಗಿದೆ. ಆದರೆ ಡಿಸ್ಕಿನ ಕವಚಕ್ಕೆ ಏನೂ ಆಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಯಾವ ಸದ್ದೂ ಇಲ್ಲ. ಸದ್ದಿಲ್ಲದಿದ್ದರೆ ಒಳ್ಳೆಯದು ಎಂದು ನೀನೇ ಹೇಳುತ್ತಿದ್ದೆ.

ಮೀನು ಮಾರ್ಕೆಟಿನಲ್ಲಿ ಮಾವನ ದೊಡ್ಡ ಮಗ ಗೌದೆನ್ಸಿಯೊ ಸಿಕ್ಕಿದ. ಮೀನು ಸೀಳುತ್ತಿದ್ದವನು ಅದೇ ಚಾಕು ಹಿಡಿದುಕೊಂಡು ಹಿಂದೆ ಬಂದ. "ಏನೇ ಕೊಲೆಗಾರನ ಮಗಳೇ, ಆ ಡಬ್ಬನ ಮತ್ತೆ ಮನೆಯೊಳಗೆ ತಗೊಂಡೋದ್ಯಂತೆ? ಇನ್ನೊಂದ್ಸಲ ಎಸೀಲಾ? ಈ ಸಲ ನಿನ್ನನ್ನೂ ಸೇರ್ಸಿ ಎಸಿತೀನಿ" ಅಂದ. ಅಲ್ವಾರಾದೊದವರ ಬೈಗುಳದ ಬಾಯಿ ನಿನಗೆ ಗೊತ್ತಲ್ಲ, ನನ್ನ ಬಾಯಿಗೂ ಅದೇ ನೀರು. ನಾನು ಅಂದಿದ್ದನ್ನು ಇಲ್ಲಿ ಬರೆದರೆ ಕಾಗದ ಓದುವ ಕಾವಲುಗಾರ ಕೆಂಪಾಗುತ್ತಾನೆ. ಚಾಕು ನನ್ನ ಕೈಚೀಲದ ಮೇಲೆ ಬಿತ್ತು. ಚೀಲ ಸೀಳಿತು, ಟೊಮೇಟೊ ಎಲ್ಲ ಉರುಳಿ ಹೋದವು. ಅಕ್ಕಪಕ್ಕದವರು ಅವನನ್ನು ಹಿಡಿದುಕೊಂಡರು. ಸತ್ಯ ಹೊರಗೆ ಬರುತ್ತದೆ ಎಂಬ ಭಯ ಇಲ್ಲದಿದ್ದರೆ ಅವರು ಕಂಪ್ಯೂಟರನ್ನು ಯಾಕೆ ಒಡೆಯುತ್ತಿದ್ದರು, ನೀನೇ ಹೇಳು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಡಿಸ್ಕನ್ನು ಅಡುಗೆಮನೆ ಮೇಜಿನ ಮೇಲೆ ಇಟ್ಟಿದ್ದಾಗ ಅಮ್ಮ ಬಂದಳು. "ಅದ್ರಲ್ಲಿ ಏನು ಹುಡುಕ್ತೀಯಾ? ನಾನು ಹೇಳಿದ್ದು ಸಾಲ್ದಾ? ಅವನು ನನ್ನ ಕರೆದ ಕಣೇ. ಉಗ್ರಾಣದೊಳಗಿಂದ ಕೇಳಿಸ್ಕೊಂಡೆ. ತುಂಬಾ ಹೊತ್ತು ಕರೆದ" ಅಂದಳು. ಅದೇ ಹಳೇ ಮಾತು. ನೀನು ಅವಳನ್ನು ಉಗ್ರಾಣಕ್ಕೆ ಹಾಕಿ ಅಗುಳಿ ಹಾಕಿದೆಯಂತೆ, ಮಾವ ಅಂಗಳದಲ್ಲಿ ಬಿದ್ದು ಅವಳನ್ನು ಕರೆಯುತ್ತಿದ್ದನಂತೆ. ಬಿದ್ದ ತಕ್ಷಣ ಸತ್ತವನು ಹೇಗೆ ಕರೆಯುತ್ತಾನೆ? "ತಮ್ಮನ ಮೇಲಿನ ಮೋಹಕ್ಕೆ ಗಂಡನ್ನ ಮೂವತ್ತು ವರ್ಷ ಒಳಗೆ ಹಾಕ್ತೀಯಲ್ಲಮ್ಮಾ, ನಿಂಗೆ ನಾಚ್ಕೆ ಆಗಲ್ವಾ?" ಎಂದು ಕಿರುಚಿದೆ. ಅವಳು ಡಿಸ್ಕಿಗೆ ಕೈ ಹಾಕಿದಳು. ನಾನು ಅವಳನ್ನು ತಳ್ಳಿದೆ. ಹೊಡೆಯಲು ಕೈಯೂ ಎತ್ತಿದೆ.

ಹೊಡೆಯಲಿಲ್ಲ. ಆದರೆ ನನ್ನ ಕೈ ಮೇಲೇಳುವ ಮೊದಲೇ ಅವಳ ಎಡಗೈ ಮುಖ ಮುಚ್ಚಿತ್ತು, ಬಲಗೈ ಹೊಟ್ಟೆ ಮುಚ್ಚಿತ್ತು. ಬಲಗೈ ಮಣಿಕಟ್ಟಿನ ಪಟ್ಟಿ ಬಿಚ್ಚಿ ಆಯಿತು, ಮೂಳೆ ಸೊಟ್ಟಗೆ ಕೂಡಿದೆ. ಸೆಪ್ಟೆಂಬರಿನಲ್ಲಿ ಬಟ್ಟೆ ಒಣಗಿಸುವಾಗ ಮೆಟ್ಟಿಲಿನಿಂದ ಬಿದ್ದಳು ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಾನು ಓದಲು ಹಲಾಪ ನಗರದಲ್ಲಿದ್ದೆ, ಬಂದು ನೋಡಲಿಲ್ಲ.

ನನಗೆ ನನ್ನ ಮೇಲೇ ಅಸಹ್ಯವಾಗಿದೆ. ಹೇಗೆ ತೆಗೆಯಬೇಕು ಎಂದು ಬೇಗ ಬರಿ.

ನಿನ್ನ
ಫಿನಾ

---

ಜೈಲು
ಫೆಬ್ರವರಿ ೯

ಫಿನಾ,

ನೀನು ಬಿಡುವವಳಲ್ಲ, ನನ್ನ ರಕ್ತ. ಸರಿ, ಕೇಳು. ಆದರೆ ಹೇಳಿದಷ್ಟೇ ಮಾಡಬೇಕು.

ಮೊದಲನೆಯದು: ಆ ಡಿಸ್ಕಿಗೆ ಸುಮ್ಮನೆ ಕರೆಂಟು ಕೊಡಬೇಡ. ಅಕ್ಕಿ ಡಬ್ಬದಲ್ಲಿ ಹೂಳುವ ಹುಚ್ಚೂ ಬೇಡ. ಒಣಗಿದೆ ಎಂದು ಖಾತ್ರಿಯಾದ ಮೇಲೆ ನನ್ನ ಕಪಾಟಿನ ಮೂರನೇ ಖಾನೆಯಲ್ಲಿರುವ ಕೇಬಲ್ಲಿನಿಂದ ನಿನ್ನ ಲ್ಯಾಪ್‌ಟಾಪಿಗೆ ಸೇರಿಸು. ಪಕ್ಕದಲ್ಲಿ ಅಷ್ಟೇ ದೊಡ್ಡ ಹೊಸ ಡಿಸ್ಕು ಇಟ್ಟು ಒಂದಿಂಚೂ ಬಿಡದೆ ಪೂರ್ತಿ ನಕಲು ಮಾಡು. ಎರಡು ದಿನವಾದರೂ ಆಗಲಿ. ನಕಲು ಮುಗಿದ ಮೇಲೆ ಮೂಲವನ್ನು ಎತ್ತಿ ಒಳಗಿಡು, ಮತ್ತೆ ಮುಟ್ಟಬೇಡ. ಏನೇ ಕೆಲಸ ಮಾಡಿದರೂ ನಕಲಿನ ಮೇಲೆ.

ಎರಡನೆಯದು: ಗೇಟಿನ ಕ್ಯಾಮೆರಾ ಹತ್ತು ಹತ್ತು ನಿಮಿಷದ ತುಂಡು ಮಾಡಿ ಚಿತ್ರ ಉಳಿಸುತ್ತದೆ. ನಿನಗೆ ಬೇಕಾದದ್ದು ಅಕ್ಟೋಬರ್ ೯ರ ಫೋಲ್ಡರು. ಅದರಲ್ಲಿ ೧೬-೧೦ ಎಂಬ ಫೈಲು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಶುರು. ಆ ಕುಡುಕ ಮಚ್ಚು ಹಿಡಿದು ಬರುವುದು, ನನ್ನ ತೋಳು ಕುಯ್ಯುವುದು, ನಾನು ತಳ್ಳುವುದು, ಅವನು ಬೀಳುವುದು ಎಲ್ಲ ಅದರಲ್ಲಿದೆ. ಆ ಒಂದು ಫೈಲನ್ನು ಎತ್ತಿಕೋ, ಸೆರಾಫಿನ್‌ಗೆ ಕೊಡು, ಮುಗಿಯಿತು. ಅದರ ನಂತರ ಏನೂ ಇಲ್ಲ. ಕ್ಯಾಮೆರಾ ಕೆಟ್ಟುಹೋಯಿತು.

ಮೂರನೆಯದು: ಫೋಲ್ಡರು ತೆರೆಯದಿದ್ದರೆ ಬಿಟ್ಟುಬಿಡು. ಆಳಕ್ಕಿಳಿದು ಹುಡುಕಲು ಹೋಗಬೇಡ. ಅದು ದಿನಗಟ್ಟಲೆ ಓಡುತ್ತದೆ, ಹತ್ತು ವರ್ಷದ ಕಸವೆಲ್ಲ ಮೇಲೆ ಬರುತ್ತದೆ, ಡಿಸ್ಕೂ ಹಾಳಾಗುತ್ತದೆ.

ಅಮ್ಮನಿಗೆ ಇದರ ಹತ್ತಿರ ಸುಳಿಯಲು ಬಿಡಬೇಡ. ಅವಳ ಕೈ ವಿಷಯ ನಿನಗೆ ಯಾಕೆ? ಮೆಟ್ಟಿಲಿನಿಂದ ಬಿದ್ದರೆ ಕೈ ಮುರಿಯುತ್ತದೆ. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಗೌದೆನ್ಸಿಯೊಗೆ ಹೇಳು, ನಾನು ಹೊರಗೆ ಬಂದ ದಿನ ಅವನ ಚಾಕುವನ್ನು ಅವನಿಗೇ ತಿನ್ನಿಸುತ್ತೇನೆ.

ಅಪ್ಪ

---

ಅಲ್ವಾರಾದೊ
ಮಾರ್ಚ್ ೪

ಅಪ್ಪಾ,

ನಕಲು ಆಯಿತು! ಎರಡು ದಿನವಲ್ಲ, ಒಂಬತ್ತು ದಿನ. ಮೊದಲ ಸಲ ಅರ್ಧ ಆಗಿತ್ತು, ಉತ್ತರದ ಗಾಳಿ ಎದ್ದು ಕಂಬ ಬಿದ್ದು ಊರಿಗೇ ಕರೆಂಟು ಹೋಯಿತು. ಎರಡನೇ ಸಲ ಡಿಸ್ಕು ಟಿಕ್ ಟಿಕ್ ಎಂದು ಕಡಿಯತೊಡಗಿತು. ನಿಲ್ಲಿಸಿ, ತಣಿಯಲು ಬಿಟ್ಟು, ಮತ್ತೆ ಶುರು ಮಾಡಿದೆ. ಅಮ್ಮ ದಿನವೂ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಮೂರನೇ ಸಲ ಕೊನೆ ಮುಟ್ಟಿದಾಗ ನಾನು ಒಬ್ಬಳೇ ಕೂತು ಅತ್ತೆ.

ಆದರೆ ಅಕ್ಟೋಬರ್ ೯ರ ಫೋಲ್ಡರು ಕಾಣುವುದಿಲ್ಲ. ಯಾವ ಫೋಲ್ಡರೂ ಕಾಣುವುದಿಲ್ಲ. ಯಾವ ಫೈಲು ಎಲ್ಲಿದೆ ಎಂದು ಹೇಳುವ ಪಟ್ಟಿಯೇ ಹಾಳಾಗಿದೆ. ನೀನು ಬಿಟ್ಟುಬಿಡು ಎಂದೆ. ನಿನ್ನನ್ನು ಮೂವತ್ತು ವರ್ಷಕ್ಕೆ ಬಿಟ್ಟುಬಿಡಲೇ? ನಿನ್ನ ಅಂಗಡಿಯ ಕೆಂಪು ರಟ್ಟಿನ ಪುಸ್ತಕ ತೆಗೆದೆ. ಅದರಲ್ಲಿ ನಿನ್ನದೇ ಅಕ್ಷರ: "ಪಟ್ಟಿ ಹಾಳಾಗಿದ್ದರೆ ಆಳದ ಶೋಧ ಮಾಡುವುದು. ನಕಲಿನ ಮೇಲೆ ಮಾಡಿದರೆ ಯಾವ ಅಪಾಯವೂ ಇಲ್ಲ. ಅಳಿಸಿದ್ದೂ ಮೇಲೆ ಬರುತ್ತದೆ ಎಂದು ಗಿರಾಕಿಗೆ ಮೊದಲೇ ಹೇಳುವುದು." ಅಪಾಯವಿಲ್ಲ ಎಂದು ಪುಸ್ತಕದಲ್ಲಿ ಬರೆದವನು ಕಾಗದದಲ್ಲಿ ಯಾಕೆ ಹೆದರಿಸುತ್ತೀಯಾ? ಜೈಲಿನಲ್ಲಿ ಎಲ್ಲ ಮರೆತುಹೋಗಿದೆ ಎಂದುಕೊಂಡೆ. ನಿನ್ನೆ ಬೆಳಿಗ್ಗೆ ಶೋಧ ಶುರು ಮಾಡಿದೆ. ಅರವತ್ತು ಗಂಟೆ ಎಂದು ತೋರಿಸುತ್ತಿದೆ.

ಆಗಲೇ ಫೋಟೋಗಳು ಬರತೊಡಗಿವೆ. ಯಾವುದಕ್ಕೂ ಹೆಸರಿಲ್ಲ, ತೆರೆದು ನೋಡಿದರೆ ಮಾತ್ರ ಏನೆಂದು ತಿಳಿಯುತ್ತದೆ. ನನ್ನ ಹದಿನೈದನೇ ಹುಟ್ಟುಹಬ್ಬದ ಫೋಟೋ ಬಂತು. ಗುಲಾಬಿ ಬಣ್ಣದ ಬಾತುಕೋಳಿ ನಾನು. ನೀನು ನನ್ನ ಜೊತೆ ಕುಣಿಯುತ್ತಿದ್ದೀಯಾ, ಎಷ್ಟು ಚೆಂದ ಇದ್ದೆ ಅಪ್ಪಾ. ಹಿಂದೆ ಅಮ್ಮ ನಿಂತಿದ್ದಾಳೆ. ಒಳಾಂಗಣದಲ್ಲಿ, ದೀಪದ ಬೆಳಕಿನಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು. ಕಣ್ಣುಬೇನೆ ಎಂದಿದ್ದಳು ಆವತ್ತು. ನನಗೆ ನೆನಪಿದೆ.

ಮುಗಿದ ಕೂಡಲೇ ಬರೆಯುತ್ತೇನೆ. ನೀನು ಮನೆಗೆ ಬಂದ ದಿನ ಸಿಗಡಿ ಸಾರು ನಾನೇ ಮಾಡುತ್ತೇನೆ.

ನಿನ್ನ
ಫಿನಾ

---

ಜೈಲು
ಮಾರ್ಚ್ ೧೩

ಫಿನಾ,

ನಿಲ್ಲಿಸು. ಕಾಗದ ಸಿಕ್ಕ ಕೂಡಲೇ ಅದನ್ನು ನಿಲ್ಲಿಸು. ಬಂದಿರುವುದು ಏನನ್ನೂ ತೆರೆಯಬೇಡ. ಎರಡೂ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದ ತಂದ ಹೆಂಗಸಿನ ಕೈಗೆ ಕೊಡು. ಯಾಕೆ ಎಂದು ಕೇಳಬೇಡ. ನಾನು ನಿನ್ನ ಅಪ್ಪ, ಹೇಳುತ್ತಿದ್ದೇನೆ.

ನೋಡಿದ್ದರೆ ನೋಡಿಲ್ಲ ಎಂದು ಬರಿ. ಚಿತ್ರದಲ್ಲಿ ಸದ್ದು ಇರುವುದಿಲ್ಲ, ನಿನ್ನ ಮಾವ ಏನೆಂದು ಬೈದ ಎಂದು ಕೇಳಿಸುವುದಿಲ್ಲ. ನನ್ನ ಹೆಂಡತಿಯನ್ನು ನನ್ನ ಮನೆಯಿಂದ ಕರೆದೊಯ್ಯಲು ಬಂದಿದ್ದ. ನನ್ನ ಅಂಗಳದಲ್ಲಿ ನಿಂತು. ಅದು ಚಿತ್ರದಲ್ಲಿ ಕಾಣುವುದಿಲ್ಲ.

ಅಪ್ಪ

---

ಜೈಲು
ಏಪ್ರಿಲ್ ೨

ಮಗಳೇ,

ಮೂರು ವಾರ. ಒಂದು ಅಕ್ಷರ ಇಲ್ಲ. ಆ ಹೆಂಗಸು ಬರಿಗೈಯಲ್ಲಿ ಬಂದಳು, ನೀನು ಬಾಗಿಲೇ ತೆರೆಯಲಿಲ್ಲವಂತೆ. ಸೆರಾಫಿನ್ ಕೂಡ ಬರುತ್ತಿಲ್ಲ.

ನಿನಗೆ ಸೈಕಲ್ ಕಲಿಸಿದವನು ಯಾರು? ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ನಡೆದವನು ಯಾರು? ಮೊದಲ ಫೈಲು ಮಾತ್ರ ಕೊಡು. ಬೇರೆ ಏನೂ ಸಿಗಲಿಲ್ಲ ಎಂದು ಹೇಳು. ಅದು ಸುಳ್ಳಲ್ಲ, ನನ್ನ ತೋಳು ಕುಯ್ದಿದ್ದು ನಿಜವೇ. ನಾನು ಬಂದ ಮೇಲೆ ಎಲ್ಲ ಸರಿ ಮಾಡುತ್ತೇನೆ. ಇನ್ನು ಅಮ್ಮನ ಮೈ ಮುಟ್ಟುವುದಿಲ್ಲ. ತಾಯಿಯಾಣೆ.

ಮಾಡದಿದ್ದರೆ ನೆನಪಿಟ್ಟುಕೋ, ಮೂವತ್ತು ವರ್ಷಕ್ಕೂ ಒಂದು ಕೊನೆ ಇರುತ್ತದೆ.

ಅಪ್ಪ

---

ಅಲ್ವಾರಾದೊ
ಏಪ್ರಿಲ್ ೧೧

ನಿನಗೆ,

ನೋಡಿದೆ. ನೋಡಿಲ್ಲ ಎಂದು ಬರೆಯಲಾರೆ.

ಮೂರೂ ತುಂಡು ಬಂದವು. ಮೊದಲನೆಯದು ನೀನು ಹೇಳಿದ ಹಾಗೇ ಇದೆ. ಮಾವ ಮಚ್ಚು ಬೀಸುತ್ತಾನೆ, ನಿನ್ನ ತೋಳಿನಿಂದ ರಕ್ತ ಬರುತ್ತದೆ, ನೀನು ತಳ್ಳುತ್ತೀಯಾ, ಅವನು ಗೇಟಿನ ಕಬ್ಬಿಣದ ಮೇಲೆ ಬೀಳುತ್ತಾನೆ. ಮೂಲೆಯಲ್ಲಿ ಗಂಟೆ ಇದೆ, ನಾಲ್ಕು ಹತ್ತೊಂಬತ್ತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಗೆದ್ದ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಮೇಲೆ ಹೆಸರಿಲ್ಲದ ಮುಂದಿನ ಫೈಲು ತೆರೆದೆ.

ಮಾವ ಮೊಣಕೈ ಊರಿ ಏಳುತ್ತಿದ್ದಾನೆ. ಮಚ್ಚು ದೂರ ಬಿದ್ದಿದೆ. ಒಂದು ಕೈ ಎತ್ತಿ ಬೇಡ ಎನ್ನುತ್ತಿದ್ದಾನೆ. ನೀನು ಅವನ ಕೂದಲು ಹಿಡಿದು ತಲೆಯನ್ನು ಕಬ್ಬಿಣಕ್ಕೆ ಅಪ್ಪಳಿಸುತ್ತೀಯಾ. ಎಣಿಸಿದೆ. ಐದು ಸಲ. ತಲೆಗೆ ಕಬ್ಬಿಣ ತಗುಲಿದೆ ಎಂದು ಡಾಕ್ಟರ ವರದಿಯಲ್ಲಿದೆ, ಎಷ್ಟು ಸಲ ಎಂದು ಇಲ್ಲ. ಅಮ್ಮ ಓಡಿಬಂದು ನಿನ್ನ ಬೆನ್ನಿಗೆ ಜೋತುಬೀಳುತ್ತಾಳೆ, ಪಟ್ಟಿ ಕಟ್ಟಿದ ಕೈಯಲ್ಲೇ ಬಡಿಯುತ್ತಾಳೆ. ನೀನು ಅವಳ ಜಡೆ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋಗಿ ಉಗ್ರಾಣಕ್ಕೆ ನೂಕಿ ಅಗುಳಿ ಹಾಕುತ್ತೀಯಾ. ಅಗುಳಿ ಹಾಕಿದ ಮೇಲೆ ಅಂಗಿ ಸರಿ ಮಾಡಿಕೊಳ್ಳುತ್ತೀಯಾ.

ಇದನ್ನೂ ಸಿಟ್ಟಿನಲ್ಲಿ ಆಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನೇನೋ. ನನಗೂ ಆ ಸಿಟ್ಟಿದೆ, ನಾನೂ ಅಮ್ಮನ ಮೇಲೆ ಕೈ ಎತ್ತಿದವಳು. ಆದರೆ ಆಮೇಲೆ ನೀನು ಏನು ಮಾಡಿದೆ? ಗೇಟಿನ ಕ್ಯಾಮೆರಾಕ್ಕೆ ಅಂಗಳವೂ ಕಾಣುತ್ತದೆ, ಮುಂದಿನ ಕೋಣೆಯ ಬಾಗಿಲೂ ಕಾಣುತ್ತದೆ. ನೀನು ಒಳಗೆ ಹೋಗಿ ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತೆ. ನಿನ್ನ ಬೆನ್ನು ಕಾಣುತ್ತದೆ, ನೀಲಿ ಅಂಗಿ. ಅಂಗಳದಲ್ಲಿ ಮಾವನ ಕೈ ಆಡುತ್ತಿದೆ. ಮುಖ ಉಗ್ರಾಣದ ಕಡೆ ತಿರುಗಿದೆ, ಬಾಯಿ ಅಲ್ಲಾಡುತ್ತಿದೆ. ನಾಲ್ಕು ಇಪ್ಪತ್ತಾರರಿಂದ ನಾಲ್ಕು ಮೂವತ್ತೆಂಟರವರೆಗೆ. ಹನ್ನೆರಡು ನಿಮಿಷ. ಅಷ್ಟು ಹೊತ್ತು ನೀನು ಬ್ಯಾಕಪ್ ಮಾಡುತ್ತಿದ್ದೆ. ನಿನಗೆ ಬೇಕಾದ ತುಂಡನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಎದ್ದು, ಬಾಗಿಲ ಹಿಂದಿನ ಕಂದು ಕೋಟು ತಡಕಿ, ಮತ್ತೆ ಕೂತು, ಕ್ಯಾಮೆರಾ ನಿಲ್ಲಿಸಿದೆ. ಉಳಿದ ಎರಡು ತುಂಡು ಅಳಿಸಿದ್ದು ಅದರ ನಂತರ ಇರಬೇಕು. ಚಿತ್ರ ನಿಂತಾಗಲೂ ಮಾವನ ಬೆರಳು ಆಡುತ್ತಿತ್ತು. ಆಸ್ಪತ್ರೆ ನಮ್ಮ ಮನೆಯಿಂದ ಮೂರು ಬೀದಿ.

ಗೌದೆನ್ಸಿಯೊ ಎಸೆದಿದ್ದು ಸತ್ಯದ ಭಯದಿಂದಲ್ಲ. ಅಪ್ಪ ಸತ್ತ ಮಗ ಕೈಗೆ ಸಿಕ್ಕಿದ್ದನ್ನು ಎಸೆದ, ಅಷ್ಟೇ. ಅವನು ಎಸೆಯದೆ ಪಟ್ಟಿ ಹಾಳಾಗದೆ ಇದ್ದಿದ್ದರೆ ೧೬-೧೦ ಮಾತ್ರ ಕಾಣುತ್ತಿತ್ತು. ಅಮ್ಮ ಸುಡದೆ ಇದ್ದಿದ್ದರೆ ನಾನು ಕಂಪ್ಯೂಟರು ಮುಟ್ಟುತ್ತಲೇ ಇರಲಿಲ್ಲ. ನಿನ್ನ ಕೋಟಿನಿಂದ ನಿನ್ನ ಬಿಡುಗಡೆ ತೆಗೆದು ಸೆರಾಫಿನ್ ಕೈಗಿಟ್ಟು, ನೀನು ಮನೆಗೆ ಬಂದ ದಿನ ಸಾರು ಬಡಿಸುತ್ತಿದ್ದೆ. ಅಮ್ಮ ಬಡಿಸುತ್ತಿದ್ದಳು, ಸೊಟ್ಟ ಕೈಯಲ್ಲಿ.

ಅವಳನ್ನು ಕರೆದು ತೋರಿಸಿದೆ. ಮೊದಲ ಎರಡು ತುಂಡು ಬೇಡ ಎಂದಳು, ಮೂರನೆಯದನ್ನು ಮಾತ್ರ ನೋಡಿದಳು. ನಿಂತೇ ನೋಡಿದಳು. ಮಾವನ ಬಾಯಿಯನ್ನೇ ನೋಡುತ್ತಾ ಅವನ ಜೊತೆ ತಾನೂ ತುಟಿ ಆಡಿಸಿದಳು, ತನ್ನದೇ ಹೆಸರು, ತೊ-ಮಾ-ಸಾ, ತೊ-ಮಾ-ಸಾ. ಮುಗಿದ ಮೇಲೆ, "ಕರೆದ ಅಂತ ಹೇಳಿರ್ಲಿಲ್ವೇನೇ ನಾನು?" ಎಂದಳು. ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. "ಏಳು, ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದಳು. ನಾನು ಐದು ತಿಂಗಳು ಅವಳನ್ನು ಸುಳ್ಳಿ ಎಂದೆ. ಅದನ್ನು ಯಾವ ಶೋಧವೂ ಸರಿ ಮಾಡುವುದಿಲ್ಲ.

ನಿನ್ನ ಎರಡು ಕಾಗದವನ್ನೂ ಓದಿದೆ. ನಾನು ನೋಡಿದೆ ಎಂದು ಗೊತ್ತಾಗುವ ಮೊದಲೇ ನೀನು ಹೆದರಿದ್ದೆ. ಸೈಕಲ್ ಕಲಿಸಿದ್ದು ನಿಜ. ಹೆಗಲ ಮೇಲೆ ಹೊತ್ತಿದ್ದೂ ನಿಜ. ಅದಕ್ಕೇ ಈ ಕಾಗದ ಬರೆಯಲು ಐದು ವಾರ ಬೇಕಾಯಿತು. ಒಂದು ದಿನ ಅಳಿಸಲು ಕೂತಿದ್ದೆ ಕೂಡ. ಬೆರಳು ಗುಂಡಿಯ ಮೇಲೆ ಇತ್ತು. ಉಗ್ರಾಣದ ಪಕ್ಕದಲ್ಲೇ ಕೂತಿದ್ದೆ. ಕೈ ಹಿಂದೆ ತೆಗೆದುಕೊಂಡೆ.

ಈಗ ಸುಡುವುದಕ್ಕೆ ಯಾರನ್ನೂ ಕಳಿಸಬೇಡ. ಒಂದು ಪ್ರತಿ ಸರ್ಕಾರಿ ವಕೀಲರ ಹತ್ತಿರ ಇದೆ. ಸೆರಾಫಿನ್ ನೋಡಿದ, ನಿನ್ನ ಕೇಸು ಬಿಟ್ಟ. ಒಂದು ಪ್ರತಿಯನ್ನು ನಾನೇ ಮೀನು ಮಾರ್ಕೆಟಿಗೆ ಹೋಗಿ ಗೌದೆನ್ಸಿಯೊ ಕೈಗೆ ಕೊಟ್ಟೆ. ಅವನು ಚಾಕು ಕೆಳಗಿಟ್ಟು ಕೈ ತೊಳೆದು ತಗೊಂಡ. ಮೂಲವನ್ನು ಎತ್ತಿ ಒಳಗಿಟ್ಟಿದ್ದೇನೆ, ಮುಟ್ಟುವುದಿಲ್ಲ. ಎಲ್ಲ ನೀನು ಹೇಳಿಕೊಟ್ಟ ಹಾಗೇ. ಇಪ್ಪತ್ತೈದನೇ ತಾರೀಖು ನ್ಯಾಯಾಲಯಕ್ಕೆ ಬರುತ್ತೇನೆ, ಅಮ್ಮನ ಪಕ್ಕದಲ್ಲಿ ಕೂರುತ್ತೇನೆ. ಮೂರು ತುಂಡನ್ನೂ ಅಲ್ಲಿ ಹಾಕುತ್ತಾರೆ. ಆಗ ತಲೆ ತಗ್ಗಿಸಬೇಡ. ಹನ್ನೆರಡು ನಿಮಿಷ ನೀನು ತಿರುಗಿ ನೋಡಲಿಲ್ಲ, ಆವತ್ತು ನೋಡು.

ತೊಮಾಸಾಳ ಮಗಳು
ದೆಲ್ಫಿನಾ